ಕಷ್ಟ ತಾನಾಗಿ ಏನೂ ಕಲಿಸುವುದಿಲ್ಲ

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಅನೇಕ ಕ್ರೈಸ್ತ ಸಭೆಗಳಲ್ಲಿ ವಾಗ್ದಾನದ ಚೀಟಿ, ಅಂದರೆ ಹೊಸ ವರ್ಷಕ್ಕೆಂದು ಬೈಬಲಿನ ಒಂದು ವಚನ ಅಚ್ಚು ಹಾಕಿದ ಚೀಟಿ, ಹಂಚುತ್ತಾರೆ. ಯಾರ ಕೈಗಾದರೂ ಯೆರೆಮೀಯ 29:11 ಬಂತೆಂದರೆ ಮನೆಮಂದಿಗೆಲ್ಲ ಖುಷಿ. ದೇವರು ನಮ್ಮ ಬಗ್ಗೆ ಇಟ್ಟುಕೊಂಡಿರುವ ಯೋಚನೆ ಕೇಡಿನದಲ್ಲ, ಹಿತದ್ದು ಎನ್ನುವ ಮಾತು ಅದು. ಅದರ ಹಿಂದಿನ ವಚನವನ್ನು ಮಾತ್ರ ಯಾವ ಚೀಟಿಯಲ್ಲೂ ಅಚ್ಚು ಹಾಕುವುದಿಲ್ಲ. ಆ ಮಾತು ನೆರವೇರುವುದು 70 ವರ್ಷ ಕಳೆದ ಮೇಲೆ ಎಂದು 10ನೇ ವಚನದಲ್ಲಿದೆ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಫಲ ತಿನ್ನಿ ಎಂದು 5ನೇ ವಚನ ಹೇಳುತ್ತದೆ. ಆ ಪತ್ರ ಓದಿಸಿಕೊಂಡು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವ ದಿನ ನೋಡುವ ಹಾಗಿರಲಿಲ್ಲ.

ಚೀಟಿ ತೆಗೆದುಕೊಳ್ಳಬೇಡಿ ಎನ್ನುತ್ತಿಲ್ಲ. ಆದರೆ ಅದೊಂದನ್ನೇ ನಂಬಿಕೊಂಡು ವರ್ಷಕ್ಕಿಳಿದವರ ಪಾಡು ಏನಾಗುತ್ತದೆ ಎಂಬುದು ಸಭೆಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ತೊಗರಿಗೆ ನೆಟೆ ರೋಗ ಬಿತ್ತು, ಬಡ್ಡಿ ಏರಿತು, ದುಡಿಯಲು ಹೈದರಾಬಾದಿಗೋ ಪುಣೆಗೋ ಹೋದ ಮಗ ಕಾಲು ಮುರಿದುಕೊಂಡು ಬಂದ ಎಂದರೆ, "ವಾಗ್ದಾನ ಸುಳ್ಳಾಯ್ತಲ್ರಿ ಅಯ್ಯನೋರೆ" ಎನ್ನುವ ಮಾತು ಹೊರಡುತ್ತದೆ. ಅದಕ್ಕೆ ಸಿಗುವ ಉತ್ತರವೂ ಗೊತ್ತಿದ್ದದ್ದೇ: "ದೇವರು ಕಷ್ಟದಾಗ ಏನೋ ಕಲಸ್ಲಿಕತ್ತಾನ, ತಡಕೋರಿ."

ಈ ಉತ್ತರ ಅರ್ಧ ಮಾತ್ರ ನಿಜ. ಕಷ್ಟ ತಾನಾಗಿ ಏನೂ ಕಲಿಸುವುದಿಲ್ಲ. ಒಂದೇ ಬರದಲ್ಲಿ ಒಬ್ಬರು ಮೆತ್ತಗಾಗುತ್ತಾರೆ, ಇನ್ನೊಬ್ಬರು ಕಹಿಯಾಗುತ್ತಾರೆ, ಮೂರನೆಯವರು ಸುಮ್ಮನೆ ದಣಿಯುತ್ತಾರೆ. ರೋಮಾಪುರದವರಿಗೆ ಬರೆದ ಪತ್ರದ 5:3-4ರಲ್ಲಿ ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತೆ, ಅದರಿಂದ ನಿರೀಕ್ಷೆ ಎಂದು ಪೌಲನು ಬರೆದದ್ದನ್ನು ಯಂತ್ರದ ಹಾಗೆ ಓದಬಾರದು. ಯಾಕೋಬನ ಪತ್ರ 1ನೇ ಅಧ್ಯಾಯದಲ್ಲಿ ಶೋಧನೆಯ, ಅಂದರೆ ನಂಬಿಕೆಯನ್ನು ಪರೀಕ್ಷಿಸುವ ಕಷ್ಟದ, ಮಾತು ಮುಗಿದ ಕೂಡಲೇ, 5ನೇ ವಚನದಲ್ಲಿ, ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಲಿ ಎಂದಿದೆ. ಕಷ್ಟ ಬಂದ ಮಾತ್ರಕ್ಕೆ ಜ್ಞಾನ ಬರುವ ಹಾಗಿದ್ದರೆ ಕೇಳು ಎಂದು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಕೇಳುವುದು, ಓದುವುದು, ಬರೆದಿಡುವುದು, ಇನ್ನೊಬ್ಬರ ಮುಂದೆ ಬಾಯಿ ಬಿಡುವುದು ಇವೆಲ್ಲ ಕೆಲಸಗಳು. ಕೆಲಸ ಅಂದ ಮೇಲೆ ಅದನ್ನು ಮಾಡುವ ಕ್ರಮವಿದೆ, ಕೆಡುವ ಜಾಗಗಳೂ ಇವೆ.

ಮೊದಲು ಕೆಡುವುದು "ಯಾರ ಪಾಪಕ್ಕ ಬಂತು ಇದು?" ಎಂಬಲ್ಲಿ. ಮನೆಗೆ ಬಂದ ನೆಂಟರು, ಪ್ರಾರ್ಥನೆಗೆ ಬಂದ ಸಭೆಯವರು, ಕೆಲವು ಸಲ ಪಾಸ್ಟರೂ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಾರೆ. ಯೋಹಾನ 9:2-3ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ. ಇವನೂ ಪಾಪ ಮಾಡಲಿಲ್ಲ, ಇವನನ್ನು ಹೆತ್ತವರೂ ಮಾಡಲಿಲ್ಲ ಎಂದು ಯೇಸು ಹೇಳಿದನು. ಲೂಕ 13:4ರಲ್ಲಿ ಸಿಲೋವದ ಗೋಪುರ ಬಿದ್ದು ಸತ್ತ 18 ಜನ ಉಳಿದವರಿಗಿಂತ ಕೆಟ್ಟವರೇನಲ್ಲ ಎಂದನು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನನ್ನು ನೋಡಲು ಬಂದ ಸ್ನೇಹಿತರು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಮೊದಲ ಏಳು ದಿನ ಏಳು ರಾತ್ರಿ ಬಾಯಿ ಮುಚ್ಚಿ ನೆಲದ ಮೇಲೆ ಕೂತದ್ದು. ಬಾಯಿ ತೆರೆದ ಮೇಲೆ ಕೆಟ್ಟಿತು. 42:7ರಲ್ಲಿ ದೇವರು ಕೋಪಿಸಿಕೊಂಡದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಸ್ನೇಹಿತರ ಮೇಲೆ. ಯೋಬನ ಪುಸ್ತಕ ಓದುವವರು ಈ ವಚನವನ್ನು ಮೊದಲು ಓದಿಕೊಂಡು ಆಮೇಲೆ 4ನೇ ಅಧ್ಯಾಯಕ್ಕೆ ಹೋಗಬೇಕು. ಇಲ್ಲದಿದ್ದರೆ ಆ ಸ್ನೇಹಿತರಲ್ಲೊಬ್ಬನಾದ ಎಲೀಫಜನ ಮಾತುಗಳೇ ಚಂದ ಕಾಣಿಸಿ ಗೋಡೆ ಕ್ಯಾಲೆಂಡರಿಗೆ ಏರುತ್ತವೆ.

ಎರಡನೆಯದು ಮೊರೆಯಿಡುವ ಕ್ರಮ. ನಮ್ಮ ಸಭೆಗಳಲ್ಲಿ ಸ್ತುತಿ ಕಲಿಸುತ್ತೇವೆ, ಉಪವಾಸ ಕಲಿಸುತ್ತೇವೆ, ಗೋಳಾಡುವುದನ್ನು ಕಲಿಸುವುದಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನ ಕೀರ್ತನೆಗಳೇ. ಕಲಿಯಲು 13ನೇ ಕೀರ್ತನೆ ಸಾಕು, ಇರುವುದೇ ಆರು ವಚನ. 1-2ರಲ್ಲಿ ದೂರು: ಎಲ್ಲಿಯ ತನಕ ಎಂಬ ಪ್ರಶ್ನೆ ನಾಲ್ಕು ಸಲ. 3-4ರಲ್ಲಿ ಬೇಡಿಕೆ, ಜೊತೆಗೆ ಕಾರಣ: ನೀನು ನೋಡದಿದ್ದರೆ ನಾನು ಸಾಯುತ್ತೇನೆ, ವೈರಿ ಗೆದ್ದೆನೆಂದು ಹಿಗ್ಗುತ್ತಾನೆ. 5-6ರಲ್ಲಿ ಭರವಸೆ, ಹಾಡುತ್ತೇನೆ ಎಂಬ ಮಾತು. ಈ ನಡುವೆ ಪರಿಸ್ಥಿತಿ ಬದಲಾಯಿತೆಂದು ಕೀರ್ತನೆಗಾರ ಎಲ್ಲೂ ಹೇಳಿಲ್ಲ.

ನಿಮ್ಮದನ್ನು ಬರೆಯುವಾಗಲೂ ಇದೇ ಕ್ರಮ ಇಟ್ಟುಕೊಳ್ಳಿ. ದೇವರ ಹೆಸರು ಕರೆದು ಒಂದು ಸಾಲು. ದೂರಿಗೆ ಮೂರರಿಂದ ಐದು ಸಾಲು. ಇಲ್ಲಿ "ನನ್ನ ಸಮಸ್ಯೆಗಳು" ಎಂದು ಬರೆದರೆ ಉಪಯೋಗವಿಲ್ಲ, ಸಾಲ ಎಷ್ಟು, ಯಾರಿಗೆ, ಯಾವ ತಾರೀಖಿನೊಳಗೆ, ರಾತ್ರಿ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ ಎಂಬಷ್ಟು ಬಿಡಿಸಿ ಬರೆಯಿರಿ. ಬೇಡಿಕೆ ಒಂದೇ ಇರಲಿ. ನಂತರ ಕಾರಣ. ಕೊನೆಗೆ, ನಿಮ್ಮಿಂದ ಪ್ರಾಮಾಣಿಕವಾಗಿ ಹೇಳಲು ಆಗುವಷ್ಟೇ ಭರವಸೆ. ಹೆಚ್ಚಿನವರು ತಪ್ಪುವುದು ದೂರಿನಿಂದ ಸ್ತೋತ್ರಕ್ಕೆ ಒಂದೇ ಜಿಗಿತ ಜಿಗಿದು. ಹಾಗೆ ಜಿಗಿದ ಪ್ರಾರ್ಥನೆ ಸಭೆಯಲ್ಲಿ ಆಮೆನ್ ಗಿಟ್ಟಿಸುತ್ತದೆ, ಮನೆಗೆ ಬಂದಾಗ ಎದೆಯ ಭಾರ ಹಾಗೇ ಇರುತ್ತದೆ. ಇನ್ನೊಂದು ತಪ್ಪು ಕೂಟದಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವಾಗ ದೂರು ಅತ್ತೆಯ ಮೇಲೆಯೋ ಭಾವನ ಮೇಲೆಯೋ ತಿರುಗುವುದು. ದೂರು ದೇವರಿಗೆ ಹೇಳುವುದು, ಓಣಿಗಲ್ಲ. ಭರವಸೆಯ ಸಾಲು ಬರಲೇ ಇಲ್ಲವೆಂದರೆ ಅಲ್ಲಿಗೇ ನಿಲ್ಲಿಸಬಹುದು. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿದಿದೆ, ಆದರೂ ಅದನ್ನು ಯಾರೂ ಸತ್ಯವೇದದಿಂದ (ಬೈಬಲಿನಿಂದ) ತೆಗೆದು ಹಾಕಿಲ್ಲ. ಪ್ರಲಾಪಗಳು ಪುಸ್ತಕವನ್ನೂ ನೋಡಿ: ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂವಿನ 22 ಅಕ್ಷರಗಳ ಕ್ರಮದಲ್ಲಿ ಕಟ್ಟಿದ ಪದ್ಯಗಳು. ಯೆರೂಸಲೇಮು ಬೂದಿಯಾದಾಗಲೂ ಅಳುವುದಕ್ಕೆ ಒಂದು ಅಚ್ಚುಕಟ್ಟು ಹುಡುಕಿಕೊಂಡರು. ಎಲ್ಲರೂ ಬಾಯಿಪಾಠ ಹೇಳುವ, ದಿನ ದಿನ ಹೊಸದಾಗುವ ಕೃಪೆಯ ಮಾತು (3:22-23) ಬರುವುದು ಪುಸ್ತಕದ ಕೊನೆಯಲ್ಲಲ್ಲ, ನಡುವೆ. ಅದಾದ ಮೇಲೆ ಮತ್ತೆ ಅಳು ಇದೆ.

ಬರೆಯಲು 200 ಪುಟದ ಸಾದಾ ನೋಟ್‌ಬುಕ್ ಸಾಕು. ಎಡಗಡೆ ಪುಟದಲ್ಲಿ ಮಾತ್ರ ಬರೆಯಿರಿ: ತಾರೀಖು, ಓದಿದ ಭಾಗ, ಮೂರು ಸಾಲು. ಬಲಗಡೆ ಪುಟ ಖಾಲಿ ಬಿಡಿ, ಕನಿಷ್ಠ ಆರು ತಿಂಗಳು. ಆಮೇಲೆ ಹಿಂದಿರುಗಿ ಓದಿ, ಏನಾದರೂ ತೋಚಿದರೆ ಬಲಕ್ಕೆ ಬರೆಯಿರಿ, ಇಲ್ಲದಿದ್ದರೆ ಖಾಲಿಯೇ ಇರಲಿ. ಇಷ್ಟು ತಡ ಯಾಕೆಂದರೆ ಕಷ್ಟದ ಅರ್ಥ ಕಷ್ಟದೊಳಗೆ ಕೂತಾಗ ಸಾಮಾನ್ಯವಾಗಿ ಸಿಗುವುದಿಲ್ಲ, ಸಿಕ್ಕಿದೆ ಎಂದು ಅವಸರ ಮಾಡಿದರೆ ಸುಳ್ಳು ಅರ್ಥ ಸಿಗುತ್ತದೆ. ಅಣ್ಣಂದಿರು ಗುಂಡಿಗೆ ತಳ್ಳಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗುವವರಿಗೆ ಮಾರಿದ ಯೋಸೇಫನ ಲೆಕ್ಕ ಹಾಕಿ ನೋಡಿ. ಕಥೆ ಶುರುವಾಗುವಾಗ ಅವನಿಗೆ 17 ವರ್ಷ (ಆದಿಕಾಂಡ 37:2). ಫರೋಹನ ಮುಂದೆ ನಿಂತಾಗ 30 (41:46). ಸುಭಿಕ್ಷದ ಏಳು ವರ್ಷ, ಬರದ ಎರಡು ವರ್ಷ ಕಳೆದು ತಂದೆ ಯಾಕೋಬ ಐಗುಪ್ತಕ್ಕೆ ಬಂದಾಗ 39. ಯಾಕೋಬ ಅಲ್ಲಿ 17 ವರ್ಷ ಬದುಕಿದ (47:28). ಅವನು ತೀರಿಕೊಂಡ ಮೇಲೆ, ಅಂದರೆ ಯೋಸೇಫನಿಗೆ ಸುಮಾರು 56 ಆದಾಗ, "ನೀವು ಕೇಡು ಬಗೆದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದನು" ಎಂಬ ಅರ್ಥದ ಮಾತು (50:20) ಅವನ ಬಾಯಿಂದ ಬಂತು. ಗುಂಡಿಗೆ ಬಿದ್ದ ಮೇಲೆ ಹತ್ತಿರ ಹತ್ತಿರ 40 ವರ್ಷ. ಆ ಮಾತನ್ನು ಅವನು ತನ್ನ ಬಗ್ಗೆ ತಾನೇ ಹೇಳಿಕೊಂಡ. ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಇನ್ನೊಬ್ಬರಿಗೆ ಅದನ್ನು ಹೇಳುವ ಹಕ್ಕು ಯಾರಿಗೂ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಓದಿನ ಲೆಕ್ಕಕ್ಕೆ ಬರೋಣ. ಪ್ರಾಟೆಸ್ಟಂಟ್ ಸತ್ಯವೇದದಲ್ಲಿ 1189 ಅಧ್ಯಾಯ. ವರ್ಷದಲ್ಲಿ ಮುಗಿಸಬೇಕೆಂದರೆ ದಿನಕ್ಕೆ ಮೂರು-ನಾಲ್ಕು. ಜನವರಿಯಲ್ಲಿ ಹುರುಪು, ಫೆಬ್ರವರಿಯಲ್ಲಿ ಯಾಜಕಕಾಂಡಕ್ಕೆ ಬಂದು ಗಾಡಿ ನಿಲ್ಲುತ್ತದೆ. ಸಾಧಾರಣ ವರ್ಷದಲ್ಲಿ ಹೊಸ ಒಡಂಬಡಿಕೆಯ 260 ಅಧ್ಯಾಯಗಳನ್ನು ವಾರಕ್ಕೆ ಐದರಂತೆ ಓದಿ, ಸರಿಯಾಗಿ 52 ವಾರ ಆಗುತ್ತದೆ, ಎರಡು ದಿನ ತಪ್ಪಿದ್ದಕ್ಕೆ ಜಾಗವೂ ಇರುತ್ತದೆ. ಕಷ್ಟದ ವರ್ಷದಲ್ಲಿ ಅದನ್ನೂ ಬಿಡಿ. ದಿನಕ್ಕೆ 10-15 ವಚನ, ಅಷ್ಟೇ. ಮೊದಲ ಎರಡು ವಾರ 13, 22, 42, 77, 88, 130ನೇ ಕೀರ್ತನೆಗಳು, ಒಂದೊಂದಕ್ಕೆ ಎರಡು ದಿನ. 22 ಮತ್ತು 77 ಉದ್ದದವು, ಅವನ್ನು ಅರ್ಧರ್ಧ ಮಾಡಿ. ಆಮೇಲೆ ಯೋಬನ 1ರಿಂದ 3, ನಂತರ 19, ನಂತರ 38ರಿಂದ 42. ಅದು ಮುಗಿದ ಮೇಲೆ ಮಾರ್ಕನ ಸುವಾರ್ತೆ. 2 ಕೊರಿಂಥದವರಿಗೆ ಕೊನೆಯಲ್ಲಿ ಬರಲಿ. ಪೌಲನು ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು 1:8ರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡ ಪತ್ರ ಅದು.

ಅಕ್ಷರ ಬಾರದವರ ಗತಿ ಏನು? ಇದು ನಮ್ಮ ಭಾಗಕ್ಕೆ ಸಣ್ಣ ಪ್ರಶ್ನೆಯಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕೊನೆ. ಬೈಬಲ್ ಅಧ್ಯಯನ ಅಂದರೆ ಪೆನ್ನು-ಪುಸ್ತಕ ಎಂದು ಹೊರಟರೆ ಸಭೆಯ ಅರ್ಧ ಜನ, ಅದರಲ್ಲೂ ಅವ್ವಂದಿರು, ಹೊರಗೇ ಉಳಿಯುತ್ತಾರೆ. ಫೋನಿನಲ್ಲಿ ಕನ್ನಡ ಆಡಿಯೋ ಬೈಬಲ್ ಪುಕ್ಕಟೆ ಸಿಗುತ್ತದೆ. ಸುಮ್ಮನೆ ಹಚ್ಚಿಟ್ಟರೆ ಅದು ರೇಡಿಯೋ ಆಗುತ್ತದೆ, ಹಾಗಾಗಿ ಒಂದೇ ಭಾಗವನ್ನು ಮೂರು ಸಲ ಕೇಳಬೇಕು. ಮೊದಲ ಸಲ ಕಥೆಗಾಗಿ. ಎರಡನೇ ಸಲ, ಮನಸ್ಸಿಗೆ ಚುಚ್ಚಿದಲ್ಲಿ ನಿಲ್ಲಿಸಿ. ಮೂರನೇ ಸಲ ಕೇಳಿದ ಮೇಲೆ ಪಕ್ಕದವರಿಗೆ ಸ್ವಂತ ಮಾತಿನಲ್ಲಿ ಹೇಳಬೇಕು, ಮನೆಯ ಮಾತು ಕನ್ನಡವೋ ತೆಲುಗೋ ದಖ್ಖನಿಯೋ ಯಾವುದಾದರೂ ಸರಿ. ಬಾಯಿಪಾಠಕ್ಕೆ 121 ಅಥವಾ 130ನೇ ಕೀರ್ತನೆ ಒಳ್ಳೆಯದು, ಎರಡೂ ಎಂಟೆಂಟು ವಚನ. ದಿನಕ್ಕೊಂದು ವಚನ ಸೇರಿಸಿ, ಪ್ರತಿ ಸಲ ಮೊದಲಿನಿಂದ ಹೇಳಿ. ಪೂರ್ತಿ ಬಂದ ಮೇಲೆ ಮಾರನೇ ದಿನ, ಮೂರನೇ ದಿನ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ ಒಮ್ಮೆ ಹೇಳಿ ನೋಡಿ. ಈ ಮರುಹೇಳಿಕೆ ಬಿಟ್ಟರೆ ಕಲಿತದ್ದು ಬಹಳ ಬೇಗ ಜಾರುತ್ತದೆ. ಆಸ್ಪತ್ರೆಯ ವರಾಂಡದಲ್ಲಿ, ಕರೆಂಟ್ ಹೋದ ರಾತ್ರಿಯಲ್ಲಿ ಕೈಗೆ ಸಿಗುವುದು ಬಾಯಿಪಾಠವಾದದ್ದು ಮಾತ್ರ.

ಇಲ್ಲಿ ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ ಪಂಡಿತಾ ರಮಾಬಾಯಿಯನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ, ಅವರಿಗೆ ನಮ್ಮ ಕಲಬುರಗಿಯ ನಂಟೂ ಇದೆ. 1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ತೀರಿಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ಕಲಿಕೆ ಮುಗಿಯಲಿಲ್ಲ, ತ್ರೈಕ್ಯ (ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರೆಂಬ ಬೋಧನೆ), ಪವಾಡಗಳ ವಿಷಯದಲ್ಲಿ ತಮಗೆ ಆಶ್ರಯ ಕೊಟ್ಟ ಸನ್ಯಾಸಿನಿಯರ ಜೊತೆಗೇ ಪತ್ರಗಳಲ್ಲಿ ವಾದ ಮಾಡಿದರು. ತಾನು ಒಪ್ಪಿಕೊಂಡದ್ದು ಕ್ರಿಸ್ತನ ಧರ್ಮವನ್ನು, ಕ್ರಿಸ್ತನನ್ನೇ ಕಂಡುಕೊಂಡದ್ದು ಸುಮಾರು ಎಂಟು ವರ್ಷ ಕಳೆದ ಮೇಲೆ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಪುಣೆ ಹತ್ತಿರದ ಕೇಡಗಾಂವದಲ್ಲಿ ದಿಕ್ಕಿಲ್ಲದ ಹೆಂಗಸರ ಆಶ್ರಯವಾದ ಮುಕ್ತಿ ಸದನ ನಡೆಸುತ್ತಲೇ, ನಡುವಯಸ್ಸು ದಾಟುವಾಗ ಹೀಬ್ರೂ, ಗ್ರೀಕ್ ಹಿಡಿದು ಬೈಬಲನ್ನು ಸಾದಾ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. 1912ರಲ್ಲಿ ಆಗಿನ ಗುಲ್ಬರ್ಗದಲ್ಲಿ ಕ್ರೈಸ್ತ ಹೈಸ್ಕೂಲ್ ತೆರೆದರು, ಮಗಳು ಮನೋರಮಾ ಅದರ ಮುಖ್ಯಸ್ಥೆ. 1921ರಲ್ಲಿ ಆ ಮಗಳೂ ತೀರಿಕೊಂಡಳು. ರಮಾಬಾಯಿ 1922ರ ಏಪ್ರಿಲ್ 5ರಂದು ಹೋದರು. ಅವರ ಬದುಕಿನ ಕಷ್ಟಗಳ ಪಟ್ಟಿಯನ್ನು ಭಾಷಣಗಳಲ್ಲಿ ಓದುತ್ತಾರೆ, ಪ್ರತಿ ಕಷ್ಟದ ನಂತರ ಅವರು ಏನು ಕಲಿಯಲು ಕೂತರು ಎಂಬುದನ್ನು ಯಾರೂ ಓದುವುದಿಲ್ಲ.

ಒಬ್ಬರೇ ಮಾಡುವ ಕೆಲಸವಂತೂ ಇದಲ್ಲ. ಬೀದರ್ ಸೀಮೆಯಲ್ಲಿ ಮೆಥೋಡಿಸ್ಟ್ ಸಭೆಗಳು ಬಹಳ, ಆದರೆ ಮೆಥೋಡಿಸ್ಟರ ಹಳೆಯ ಕ್ಲಾಸ್ ಮೀಟಿಂಗ್ ಹೇಗೆ ಹುಟ್ಟಿತೆಂದು ಕೇಳಿದರೆ ಹೇಳುವವರು ಕಡಿಮೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಭೆಯ ಕಟ್ಟಡದ ಸಾಲ ತೀರಿಸಬೇಕಿತ್ತು. ಸುಮಾರು 12 ಜನರಿಗೆ ಒಬ್ಬ ನಾಯಕ, ವಾರಕ್ಕೆ ತಲೆಗೊಂದು ಪೆನ್ನಿ. ದುಡ್ಡು ಕೇಳಲು ಮನೆಮನೆಗೆ ಹೋದ ನಾಯಕರಿಗೆ ಜನರ ನಿಜವಾದ ಸ್ಥಿತಿ ಕಣ್ಣಿಗೆ ಬಿತ್ತು. ಮೆಥೋಡಿಸ್ಟ್ ಪಂಥ ಹುಟ್ಟುಹಾಕಿದ ಜಾನ್ ವೆಸ್ಲಿ ಅದನ್ನು ಹಿಡಿದುಕೊಂಡು, ವಾರಕ್ಕೊಮ್ಮೆ ಒಬ್ಬೊಬ್ಬರ ಆತ್ಮದ ಕ್ಷೇಮ ವಿಚಾರಿಸುವ ಕೂಟವಾಗಿ ಮಾರ್ಪಡಿಸಿದರು. ಸಾಲದಿಂದ ಹುಟ್ಟಿದ ಪದ್ಧತಿ ಅದು. ಸುತ್ತ ಕೂತು ಒಬ್ಬರ ಅನುಭವ ಇನ್ನೊಬ್ಬರು ಕೇಳುವುದು ಕಲ್ಯಾಣದ ನೆಲದವರಿಗೆ ಹೊಸದೇನೂ ಅಲ್ಲ ಬಿಡಿ.

ಈಗ ನಡೆಸುವವರು 8ರಿಂದ 12 ಜನಕ್ಕೆ ನಿಲ್ಲಿಸಿ. ಅದಕ್ಕಿಂತ ಹೆಚ್ಚಾದರೆ ಮೂರು ಜನ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಒಂದು ತಾಸು ಸಾಕು. ಹತ್ತು ನಿಮಿಷ ಓದು, ತಲಾ ನಾಲ್ಕು ನಿಮಿಷ ಮಾತು, ಕೊನೆಗೆ ಪ್ರಾರ್ಥನೆ. ಕೇಳದೆ ಬುದ್ಧಿ ಹೇಳುವ ಹಾಗಿಲ್ಲ. ಇಲ್ಲಿ ಆಡಿದ್ದು ಹೊರಗೆ ಹೋಗುವ ಹಾಗಿಲ್ಲ. ಗುಂಪಿನೊಳಗೆ ಕೈಗಡ ಕೊಡುವುದು-ತಗೊಳ್ಳುವುದು ಬೇಡವೇ ಬೇಡ, ಬಹಳ ಗುಂಪು ಒಡೆಯುವುದು ಸಿದ್ಧಾಂತಕ್ಕಲ್ಲ, ಇದಕ್ಕೆ. ಸಹಾಯ ಬೇಕಾದರೆ ಸಭೆಯ ಮೂಲಕ ಆಗಲಿ. ಜೂನ್‌ನ ಬಿತ್ತನೆಗೆ, ಡಿಸೆಂಬರ್-ಜನವರಿಯ ತೊಗರಿ ರಾಶಿಗೆ ಕೂಟವನ್ನು ಹದಿನೈದು ದಿನಕ್ಕೊಮ್ಮೆ ಮಾಡಿ. ಹಟ ಹಿಡಿದು ವಾರವಾರ ನಡೆಸಿದರೆ ಬರುವವರು ಸಂಬಳದವರಷ್ಟೇ. ಮುಖ್ಯವಾದದ್ದು, ಮುಗಿಯದ ಸಾಕ್ಷಿಗೂ ಜಾಗ ಕೊಡಿ. ವಾಸಿಯಾದವರು, ಕೆಲಸ ಸಿಕ್ಕವರು ಮಾತ್ರ ಎದ್ದು ಸಾಕ್ಷಿ ಹೇಳುವ ಕಡೆ ಉಳಿದವರು ನಿಧಾನಕ್ಕೆ ಸುಳ್ಳು ಕಲಿಯುತ್ತಾರೆ, ಇಲ್ಲವೇ ಬರುವುದು ಬಿಡುತ್ತಾರೆ.

ಕಥೋಲಿಕರಿಗೆ ಇನ್ನೊಂದು ದಾರಿ ಗೊತ್ತಿರುತ್ತದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಹಾಸಿಗೆ ಹಿಡಿದ, ಮುಂದೆ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ, ಆಗ ಓದಿದ ಕ್ರಿಸ್ತಚರಿತೆ ಮತ್ತು ಸಂತರ ಕಥೆಗಳಿಂದ ತಿರುಗಿದವರು. ರಾತ್ರಿ ಹತ್ತು-ಹದಿನೈದು ನಿಮಿಷದ ಆತ್ಮಪರೀಕ್ಷೆ ಅವರ ಕ್ರಮ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಪರಿಶೀಲನೆ, ಕ್ಷಮೆ, ನಾಳೆಯ ನಿರ್ಧಾರ. ಅದಕ್ಕಿಂತ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಅವರ ಒಂದು ನಿಯಮ. ಮನಸ್ಸು ಬತ್ತಿದ ಕಾಲದಲ್ಲಿ, ನೆಮ್ಮದಿಯಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ. ದುಃಖದ ಭರದಲ್ಲಿ ಸಭೆ ಬಿಡುವುದು, ಹೊಲ ಮಾರಿ ಸೇವೆಗೆ ಹೋಗುತ್ತೇನೆನ್ನುವುದು, 40 ದಿನದ ಉಪವಾಸಕ್ಕೆ ಹರಕೆ ಹೊರುವುದು ಇವೆಲ್ಲಕ್ಕೂ ಇದು ತಡೆಗಂಬ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ವೈದ್ಯರನ್ನು ಕೇಳದೆ ಒಂದು ಹೊತ್ತಿನ ಉಪವಾಸವನ್ನೂ ಮಾಡಬಾರದು. ಸಕ್ಕರೆ ಇಳಿದು ಬಿದ್ದರೆ ಅದು ಆತ್ಮಿಕ ಅನುಭವವಲ್ಲ.

ತಪ್ಪಿಸಬಹುದಾದ ಕಷ್ಟವನ್ನು ಶಿಲುಬೆ ಎಂದು ಹೊರುವುದೂ ಕಲಿಕೆಯಲ್ಲ. ಪೌಲನು ತನ್ನ ಶರೀರದಲ್ಲಿ ಮುಳ್ಳಿನ ಹಾಗೆ ಕಾಡುತ್ತಿದ್ದ ಕಷ್ಟವನ್ನು ತೆಗೆ ಎಂದು ದೇವರನ್ನು ಮೂರು ಸಲ ಬೇಡಿಕೊಂಡನು (2 ಕೊರಿಂಥ 12:8), ದಮಸ್ಕದಲ್ಲಿ ಕೊಲ್ಲಲು ಕಾದಿದ್ದಾಗ ಬುಟ್ಟಿಯಲ್ಲಿ ಇಳಿದು ಪಾರಾದನು (ಅಪೊಸ್ತಲರ ಕೃತ್ಯಗಳು 9:25). ಕುಡಿದು ಹೊಡೆಯುವ ಗಂಡನ ಮುಂದೆ ತಾಳ್ಮೆಯ ವಚನ ಓದಿ ಹೆಣ್ಣುಮಗಳನ್ನು ವಾಪಸು ಕಳಿಸುವವರು ಈ ಎರಡು ಭಾಗಗಳನ್ನು ಓದಲಿ. ಮಹಿಳಾ ಸಹಾಯವಾಣಿ 181. ಸಾಯುವ ಮಾತಾಡಿದರೆ, ಎರಡು ವಾರ ಕಳೆದರೂ ನಿದ್ದೆ-ಊಟ ಸರಿಹೋಗದಿದ್ದರೆ, ಪ್ರಾರ್ಥನೆಯ ಜೊತೆಗೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಸಾಯುತ್ತೇನೆ ಎಂದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಮಲಗಿ ಎದ್ದ ಮೇಲೆ ಮತ್ತೊಮ್ಮೆ ರೊಟ್ಟಿ. ದೇವರು ಅವನಿಗೆ ಪ್ರಶ್ನೆ ಕೇಳಿದ್ದು ಅದಾದ 40 ದಿನದ ಮೇಲೆ (1 ಅರಸುಗಳು 19).

ಇನ್ನು ವಯಸ್ಸಾದವರು "ನಮ್ಮದು ಮುಗೀತ್ರಿ, ಇನ್ನೇನ್ ಕಲಿಯೋದು" ಎನ್ನುತ್ತಾರೆ. 2 ತಿಮೊಥೆಯ 4ರಲ್ಲಿ ಪೌಲನು ಓಟ ಮುಗಿಸಿದ್ದೇನೆ ಎಂದು ಬರೆದು, ಕೆಲವೇ ಸಾಲು ದಾಟಿ, ಬರುವಾಗ ಮೇಲಂಗಿಯನ್ನೂ ಪುಸ್ತಕಗಳನ್ನೂ ತಗೊಂಡು ಬಾ, ಚರ್ಮದ ಕಾಗದಗಳನ್ನಂತೂ ಮರೆಯಬೇಡ ಎನ್ನುತ್ತಾನೆ (4:13). ಅಂಥವರಿಗೆ ಸಭೆ ಮಾಡಬೇಕಾದದ್ದು ಹೆಚ್ಚಿಲ್ಲ. ದೊಡ್ಡಕ್ಷರದ ಸತ್ಯವೇದ ಭಾರವಿರುತ್ತದೆ, ಕೈ ನಡುಗುವವರು ಹಿಡಿಯಲಾರರು, ಹಾಗಾಗಿ ಕೀರ್ತನೆಗಳನ್ನಷ್ಟೇ ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿ. ಆಡಿಯೋ ಕೇಳುವವರಿಗೆ ವೇಗವನ್ನು 0.75ಕ್ಕೆ ಇಳಿಸಿ ಕೊಡಿ. ಸಂಡೇ ಸ್ಕೂಲಿನ ಒಂದಿಬ್ಬರು ದೊಡ್ಡ ಮಕ್ಕಳು ವಾರಕ್ಕೊಮ್ಮೆ ಹೋಗಿ ಅರ್ಧ ತಾಸು ಓದಿ ಹೇಳಲಿ, ಕೇಳಿದವರು ತಮಗೆ ತಿಳಿದದ್ದನ್ನು ಹೇಳುವಾಗ ಮಕ್ಕಳು ಅದನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆದುಕೊಡಲಿ.